ಲಾಲ್‌ಬಾಗಿನಿಂದ ಹೆಸರಘಟ್ಟಕ್ಕೆ: ತರಕಾರಿ ತಳಿಗಳ ಚರಿತ್ರೆ

ಬೆಂಗಳೂರಿನ ಆಸುಪಾಸಿನಲ್ಲಿ ತರಕಾರಿ ಬೆಳೆಗಳ ಮೇಲೆ ನಡೆದ ಪ್ರಯೋಗಗಳ ಚರಿತ್ರೆಯು ಹೊರನಾಡಿನ ಸಸ್ಯಗಳನ್ನು ಇಲ್ಲಿನ ಮಣ್ಣಿಗೆ ಒಗ್ಗಿಸುವ ಕೆಲಸದಿಂದ ಮೊದಲಾಗಿ, ಇಳುವರಿ ಹೆಚ್ಚಿಸುವ ಹಂತವನ್ನು ಹಾದು, ರೋಗ ತಾಳುವ ಗುಣವನ್ನು ಬೀಜದೊಳಗೇ ಕೂಡಿಸುವ ವಿದ್ಯೆಯವರೆಗೆ ಸಾಗಿ ಬಂದಿದೆ. ಮೊದಲ ಹಂತದ ನೆಲೆ ಲಾಲ್‌ಬಾಗ್. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಈ ತೋಟದಲ್ಲಿ 1874ರಿಂದ 1908ರವರೆಗೆ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಪರದೇಶದ ಹಲವು ಸಸ್ಯಗಳನ್ನು ತರಿಸಿ ಬೆಳೆಸಿದರು. ಮಧ್ಯ ಅಮೆರಿಕ ಮೂಲದ ಸೀಮೆಬದನೆ ಅವುಗಳಲ್ಲೊಂದು. ಅದಕ್ಕೆ ತಮಿಳಿನಲ್ಲಿ ‘ಬೆಂಗಳೂರು ಕತ್ತರಿಕ್ಕಾಯ್’, ಎಂದರೆ ಬೆಂಗಳೂರು ಬದನೆ, ಎಂಬ ಹೆಸರಿರುವುದರಿಂದ, ಕನ್ನಡದ ಹೆಸರು ಆ ಕಾಯಿ ಹೊರಗಿನಿಂದ ಬಂದುದನ್ನೂ ತಮಿಳಿನ ಹೆಸರು ಅದು ಬೆಂಗಳೂರಿನಿಂದ ಹರಡಿದುದನ್ನೂ ದಾಖಲಿಸಿವೆ.

ಎರಡನೆಯ ಹಂತ 1960ರ ದಶಕದ್ದು. 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಸ್ಥಾಪನೆಗೊಂಡು ಹೆಸರಘಟ್ಟದಲ್ಲಿ ನೆಲೆಯೂರಿತು; ಅದು ಹೊರತಂದ ತಳಿಗಳಿಗೆಲ್ಲ ಅಲ್ಲಿಯ ಅರ್ಕಾವತಿ ನದಿಯ ನೆನಪಿಗೆ ‘ಅರ್ಕಾ’ ಎಂಬ ಹೆಸರು ಸೇರಿತು. ಇದೇ ಕಾಲದಲ್ಲಿ, 1965ರಲ್ಲಿ, ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಂಪನಿಯು 1973ರಲ್ಲಿ ‘ಕರ್ನಾಟಕ’ ಎಂಬ ಟೊಮೆಟೊ ಮತ್ತು ‘ಭಾರತ್’ ಎಂಬ ದಪ್ಪ ಮೆಣಸಿನಕಾಯಿಯ ಹೈಬ್ರಿಡ್ ತಳಿಗಳನ್ನು ಮಾರುಕಟ್ಟೆಗೆ ತಂದಿತು. ಹೈಬ್ರಿಡ್ ಎಂದರೆ ಎರಡು ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ. ಅದರ ಬೆಳೆಯಿಂದ ಎತ್ತಿಟ್ಟ ಬೀಜದಲ್ಲಿ ಗುಣಗಳು ಚದುರಿಹೋಗುವುದರಿಂದ ರೈತನು ಪ್ರತಿ ಹಂಗಾಮಿಗೂ ಹೊಸ ಬೀಜ ಕೊಳ್ಳಬೇಕಾಗುತ್ತದೆ. ಟೊಮೆಟೊವಿನಲ್ಲಿ ಈ ಬೀಜ ತಯಾರಿಸಲು, ಅರಳುವ ಮುನ್ನವೇ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಶಲಾಕೆಗೆ ಗಾಯವಾಗದಂತೆ ಕೇಸರಗಳನ್ನು ಕಿತ್ತು, ಬಳಿಕ ಗಂಡು ತಳಿಯ ಪರಾಗವನ್ನು ಶಲಾಕೆಯ ತುದಿಗೆ ಕೈಯಿಂದಲೇ ಸೋಕಿಸಬೇಕು. ಹೂವು ಹೂವಿಗೂ ನಡೆಯುವ ಈ ನಾಜೂಕಿನ ಕೆಲಸ ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ನೆಲೆಗೊಂಡು, ಬಹುಮಟ್ಟಿಗೆ ಹೆಣ್ಣುಮಕ್ಕಳ ಕಸುಬಾಯಿತು.

ಮೂರನೆಯ ಹಂತವನ್ನು ಅನಿವಾರ್ಯಗೊಳಿಸಿದ್ದು ರೋಗಗಳು. ಬೆಂಡೆಯ ಎಲೆಯ ನರಗಳನ್ನು ಹಳದಿಗೆ ತಿರುಗಿಸಿ ಕಾಯಿಯನ್ನು ಬಿಳಿಚಿಸುವ, ಬಿಳಿನೊಣದಿಂದ ಹರಡುವ ಹಳದಿ ನಂಜುರೋಗವು 1924ರಲ್ಲಿಯೇ ಮುಂಬಯಿ ಪ್ರಾಂತದಲ್ಲಿ ವರದಿಯಾಗಿತ್ತು. ಅದನ್ನು ತಾಳಬಲ್ಲದೆಂದು 1950ರ ದಶಕದಲ್ಲಿ ದೆಹಲಿಯಲ್ಲಿ ರೂಪುಗೊಂಡ ‘ಪೂಸಾ ಸಾವನಿ’ ತಳಿ ದೇಶದ ಉದ್ದಗಲಕ್ಕೂ ಹಬ್ಬಿತಾದರೂ ಕಾಲಕ್ರಮದಲ್ಲಿ ಅದೂ ರೋಗಕ್ಕೆ ಬಲಿಯಾಯಿತು. ಆಗ ಹೆಸರಘಟ್ಟದ ವಿಜ್ಞಾನಿಗಳು ಬೆಂಡೆಯ ಕಾಡು ಬಂಧುವೊಂದನ್ನು ಊರ ಬೆಂಡೆಯೊಡನೆ ಕೂಡಿಸಿ, ಹುಟ್ಟಿದ ಸಸಿಗಳನ್ನು ಮತ್ತೆ ಮತ್ತೆ ಊರ ಬೆಂಡೆಗೇ ಕೂಡಿಸುತ್ತ, ಕಾಡಿನ ತಾಳಿಕೆಯನ್ನು ಉಳಿಸಿಕೊಂಡು ಅದರ ಒರಟುತನವನ್ನು ಕಳೆದು ‘ಅರ್ಕಾ ಅನಾಮಿಕಾ’ವನ್ನು ಪಡೆದರು.

ಟೊಮೆಟೊವಿನ ಕಥೆ ಇನ್ನೂ ತೊಡಕಿನದು. ಎಲೆ ಮುದುಡು ರೋಗವನ್ನು ಬಿಳಿನೊಣ ತರುತ್ತದೆ. ಅಂಗಮಾರಿಯನ್ನು ಶಿಲೀಂಧ್ರ ತರುತ್ತದೆ. ಮಣ್ಣಿನಲ್ಲಿ ಅಡಗಿರುವ ದುಂಡಾಣುವಿನಿಂದ ಬರುವ ಸೊರಗು ರೋಗವಾದರೋ ಹಸಿರಾಗಿದ್ದ ಗಿಡವನ್ನೇ ಬಾಡಿಸುತ್ತದೆ. ಅಂಥ ಗಿಡದ ಕಾಂಡವನ್ನು ಕೊಯ್ದು ತಿಳಿನೀರಿನ ಲೋಟದಲ್ಲಿ ಇಳಿಬಿಟ್ಟರೆ ಹಾಲಿನಂಥ ಬಿಳಿ ಎಳೆಗಳು ಇಳಿದು ಬರುತ್ತವೆ. ರೋಗವನ್ನು ಗುರುತಿಸಲು ಇದೇ ಸುಲಭ ಪರೀಕ್ಷೆ. ಈ ಮೂರೂ ರೋಗಗಳನ್ನು ಒಟ್ಟಿಗೆ ತಾಳುವ ‘ಅರ್ಕಾ ರಕ್ಷಕ್’ 2010ರ ಸುಮಾರಿಗೆ ಸಿದ್ಧವಾಯಿತು.

ಆದರೆ ಯಾವ ತಳಿಯೂ ಕೊನೆಯ ತಳಿಯಲ್ಲ. ವೈರಸ್ಸು ರೂಪ ಬದಲಿಸಿಕೊಂಡಂತೆ ಅರ್ಕಾ ಅನಾಮಿಕಾದ ತಾಳಿಕೆಯೂ ಹಲವೆಡೆ ಕುಂದಿದೆ. ಮುಂದಿನ ತಳಿಗೆ ಬೇಕಾದ ಗುಣ ಬೇಲಿಯಂಚಿನ ಯಾವ ಕಾಡು ಬಳ್ಳಿಯಲ್ಲಿ, ಯಾವ ನಾಟಿ ಬೀಜದಲ್ಲಿ ಅಡಗಿದೆಯೆಂದು ಮುಂಚಿತವಾಗಿ ಹೇಳಲಾಗದು; ಆದ್ದರಿಂದ ಹೊಸ ತಳಿಗಳನ್ನು ಹೊರತರುವಷ್ಟೇ ಶ್ರದ್ಧೆಯಿಂದ ಹಳೆಯ ಬೀಜಗಳನ್ನೂ ಕಾಡು ಬಂಧುಗಳನ್ನೂ ಕಾಯ್ದಿಡುವುದು ಈ ಶಾಸ್ತ್ರದ ಮೊದಲ ಹೊಣೆಯಾಗಿದೆ.