ನೋವು ನುಂಗುವ ಕಾಲ ಹೋಗಿ ಬಹಳ ದಿನವಾಯಿತು

"ಗಂಟು ಇದ್ರ ಇರ್ಲಿ, ಸೂಜಿ ಚುಚ್ಚಿ ತುಣುಕು ತಗಿಯೋದು ಮಾತ್ರ ಬ್ಯಾಡ" ಅನ್ನುವವರು ನಮ್ಮ ಸಿದ್ದಾಪುರದ ಕಡೆ ಇದ್ದಾರೆ. ಕ್ಯಾನ್ಸರ್‌ಗಿಂತ ಮೊದಲು ಅವರನ್ನು ಹೆದರಿಸುವುದು ಪರೀಕ್ಷೆಯ ನೋವು. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸದ ಒಂದು ಪುಟ ನಮ್ಮನ್ನು ಆಳಿದ ನಿಜಾಮರ ಹೈದರಾಬಾದಿನಲ್ಲಿದೆ.

ಮೊದಲು ಹೇಗಿತ್ತು ನೋಡಿ. 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿಯ ಎದೆಯ ಗಡ್ಡೆಗೆ ಆಪರೇಷನ್ ಆಯಿತು. ಅರಿವಳಿಕೆ ಎಂಬುದೇ ಇರಲಿಲ್ಲ. ಕುಡಿಯಲು ಒಂದಿಷ್ಟು ವೈನ್ ಕೊಟ್ಟು, ಎಚ್ಚರವಿದ್ದಾಗಲೇ ಸ್ತನ ತೆಗೆದರು. ಆ ದಿನದ ಬಗ್ಗೆ ಬಾಯಿಬಿಡಲು ಆಕೆಗೆ ತಿಂಗಳುಗಳೇ ಬೇಕಾದವು. ಆಮೇಲೆ ಅಕ್ಕನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ.

1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಆವಿ ಮೂಸಿಸಿ, ಎಲ್ಲರೆದುರು ಒಬ್ಬನ ಕುತ್ತಿಗೆಯ ಗಡ್ಡೆ ತೆಗೆದರು. ಮರುವರ್ಷವೇ ಕ್ಲೋರೋಫಾರ್ಮ್ ಬಂತು. ನೋವು ಹೋಯಿತು, ಆದರೆ ಕೆಲವರು ಮೇಜಿನ ಮೇಲೆಯೇ ಸಾಯತೊಡಗಿದರು. ನಿಲ್ಲುವುದು ಉಸಿರೋ, ಹೃದಯವೋ? ಡಾಕ್ಟರುಗಳಲ್ಲೇ ಜಗಳ.

ಆಗ ಸಿದ್ದಾಪುರ, ಗಂಗಾವತಿ ಎಲ್ಲವೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿದರು. ಲಂಡನ್‌ನಿಂದ ತಜ್ಞರನ್ನು ಕರೆಸಲು ನಿಜಾಮ್ ಸರ್ಕಾರ ಸಾವಿರ ಪೌಂಡು ಕೊಟ್ಟಿತು. ನಾಯಿ, ಕೋತಿಗಳ ಮೇಲೆ ನೂರಾರು ಪ್ರಯೋಗ ನಡೆದವು. ಅದೇ ಊರಿನ ಆಸ್ಪತ್ರೆಗಳಲ್ಲಿ ರೂಪಾ ಬಾಯಿ ಫರ್ದೂಂಜಿ ಎಂಬ ಹೆಣ್ಣುಮಗಳು ಕ್ಲೋರೋಫಾರ್ಮ್ ಕೊಡುವ ಡಾಕ್ಟರಾಗಿದ್ದರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಅವರೂ ಒಬ್ಬರು.

ಹೃದಯಕ್ಕೆ ಅಪಾಯವಿಲ್ಲ, ಉಸಿರನ್ನು ನೋಡಿಕೊಂಡರೆ ಸಾಕು ಎಂದಿತು ಆಯೋಗ. ಮೊದಲ ಮಾತು ತಪ್ಪೆಂದು ಮುಂದೆ ಗೊತ್ತಾಯಿತು. ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಮಾತ್ರ ಇಂದಿಗೂ ನಿಂತಿದೆ.

ಸಣ್ಣ ಪರೀಕ್ಷೆಗೆ ಪೂರ್ತಿ ಮಲಗಿಸಬೇಕಿಲ್ಲ. 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣಷ್ಟನ್ನೇ ಮರಗಟ್ಟಿಸಿ ತೋರಿಸಿದ. 1943ರಲ್ಲಿ ಸ್ವೀಡನ್ನಿನಲ್ಲಿ ಅದಕ್ಕಿಂತ ಸುರಕ್ಷಿತವಾದ ಲಿಗ್ನೋಕೇನ್ ತಯಾರಾಯಿತು. ಹಲ್ಲು ಕೀಳುವಾಗ ವಸಡಿಗೆ ಕೊಡುವುದೂ ಸಾಮಾನ್ಯವಾಗಿ ಅದನ್ನೇ.

ಗಂಟಿನ ತುಣುಕು ತೆಗೆಯುವಾಗಲೂ ಅದೇ ಇಂಜೆಕ್ಷನ್. ಮೊದಲು ಚುರ್ ಅನ್ನುತ್ತದೆ, ಕೆಲವು ನಿಮಿಷದಲ್ಲಿ ಜಾಗ ಮರಗಟ್ಟುತ್ತದೆ. ಆಮೇಲೂ ಒತ್ತಿದ್ದು, ಎಳೆದದ್ದು ತಿಳಿಯಬಹುದು. ಸೊಂಟದ ಮೂಳೆಯಿಂದ ಮಜ್ಜೆ ಎಳೆಯುವಾಗ ಮಾತ್ರ ಕೆಲವು ಸೆಕೆಂಡು ನೋವಾಗಬಹುದು. ಅದಕ್ಕೆ ನೋವಿನ ಔಷಧಿ, ಮಂಪರಿನ ಔಷಧಿ ಸೇರಿಸಿ ಕೊಡಲು ಬರುತ್ತದೆ. ಮಕ್ಕಳಿಗೆ ಸೂಜಿಗೆ ಒಂದು ತಾಸು ಮೊದಲು ಚರ್ಮಕ್ಕೆ ಹಚ್ಚುವ ಮುಲಾಮೂ ಇದೆ.

ಬೆಂಗಳೂರಿನ ಕಿದ್ವಾಯಿಗೆ ಹೋಗಿ, ಕಲಬುರಗಿಯ ಅದರ ಕೇಂದ್ರಕ್ಕೆ ಹೋಗಿ, ಕೇಳಲು ನಾಚಿಕೆ ಬೇಡ. ಇಂಥ ಇಂಜೆಕ್ಷನ್ ಹಿಂದೆ ಒಗ್ಗದೇ ಹೋಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಆಮೇಲೆ ಇಷ್ಟು ಹೇಳಿ: "ಡಾಕ್ಟ್ರೇ, ಮೊದ್ಲು ಮರಗಟ್ಟೋ ಇಂಜೆಕ್ಷನ್ ಮಾಡ್ರಿ. ಅದು ಹಿಡಿದ ಮ್ಯಾಲೆ ಶುರು ಮಾಡ್ರಿ. ನೋವಾದ್ರ ಕೈ ಎತ್ತತೀನಿ, ಸ್ವಲ್ಪ ನಿಲ್ರಿ."