ಹಾರಲು ಕಲಿಯುವವರಿಗೆ ಯಾವ ವಿಮಾನ ಸೂಕ್ತ?

ವಿಮಾನ ಚಾಲನೆ ಕಲಿಯಲು ಹೊರಟವರು ಮೊದಲು ವಿಚಾರಿಸುವುದು ಶುಲ್ಕವನ್ನು. ಯಾವ ವಿಮಾನದಲ್ಲಿ ಕಲಿಸುತ್ತಾರೆ ಎಂಬ ಪ್ರಶ್ನೆ ಏಳುವುದು ಬಹುತೇಕ ಹಣ ಕಟ್ಟಿದ ನಂತರ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಅಗತ್ಯ. ಗಂಟೆಗಳ ಲೆಕ್ಕದಲ್ಲಿ ಹಣ ಕರಗುವ ಈ ಶಿಕ್ಷಣದಲ್ಲಿ ವಿಮಾನದ ಆಯ್ಕೆ ಜೇಬಿಗೂ ಜೀವಕ್ಕೂ ಸಂಬಂಧಿಸಿದ್ದು.

ಪ್ರಮುಖ ಮಾದರಿಗಳು

ಸೆಸ್ನಾ 152: ಎರಡು ಆಸನ, ಸುಮಾರು 110 ಅಶ್ವಶಕ್ತಿ. ಇಂಧನ ವೆಚ್ಚ ಕಡಿಮೆ. 1985ರಲ್ಲೇ ತಯಾರಿಕೆ ನಿಂತಿರುವುದರಿಂದ ಇಂದು ಹಾರುತ್ತಿರುವ ಪ್ರತಿಯೊಂದೂ ಹಳೆಯದು. ನಿರ್ವಹಣೆಯ ದಾಖಲೆಯೇ ಇಲ್ಲಿ ಮುಖ್ಯ.

ಸೆಸ್ನಾ 172: ನಾಲ್ಕು ಆಸನ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ರೆಕ್ಕೆ ಮೇಲಿರುವುದರಿಂದ ನೆಲ ಚೆನ್ನಾಗಿ ಕಾಣುತ್ತದೆ. ಆದರೆ ತಿರುವಿನಲ್ಲಿ ಅದೇ ರೆಕ್ಕೆ ನೋಟಕ್ಕೆ ಅಡ್ಡ ಬರುತ್ತದೆ.

ಪೈಪರ್ ಪಿಎ-28: ರೆಕ್ಕೆ ಕೆಳಗಿದೆ. ಎಡ, ಬಲ ಇಂಧನ ಟ್ಯಾಂಕ್‌ಗಳನ್ನು ಪೈಲಟ್ ತಾನೇ ಬದಲಿಸುತ್ತಿರಬೇಕು. ಮರೆವಿಗೆ ಇಲ್ಲಿ ಅವಕಾಶವಿಲ್ಲ.

ಡೈಮಂಡ್ ಡಿಎ-40: ಸಂಯುಕ್ತ ವಸ್ತುಗಳ ಕವಚ. ಇದರ ಡೀಸೆಲ್ ಎಂಜಿನ್ ಮಾದರಿಗೆ ಜೆಟ್ ವಿಮಾನಗಳ ಇಂಧನವೇ ಸಾಕು.

ಹಂಸ: ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಎರಡು ಆಸನಗಳ ತರಬೇತಿ ವಿಮಾನ. ಇದರ ಹೊಸ ಪೀಳಿಗೆಯ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿತು.

ತೂಕದ ಲೆಕ್ಕ

ಸೆಸ್ನಾ 152ರ ಗರಿಷ್ಠ ತೂಕ 757 ಕಿಲೋ. ಖಾಲಿ ವಿಮಾನವೇ 515 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಟ್ಯಾಂಕ್ ತುಂಬಿಸಿದರೆ ಇಂಧನದ ತೂಕ ಸುಮಾರು 67 ಕಿಲೋ. ಉಳಿಯುವುದು 175 ಕಿಲೋ ಮಾತ್ರ. ವಿದ್ಯಾರ್ಥಿ 95 ಕಿಲೋ, ಬೋಧಕರು 85 ಕಿಲೋ ಇದ್ದರೆ ಮಿತಿ ಮೀರಿತು. ಇಂಧನ ಕಡಿಮೆ ಮಾಡಲೇಬೇಕು. ದಪ್ಪ ಮೈಕಟ್ಟಿನವರು 172ರಂಥ ದೊಡ್ಡ ವಿಮಾನವನ್ನು ಆರಿಸುವುದು ಲೇಸು.

ಬಿಸಿಲೂ ಎತ್ತರವೂ

ಬೆಂಗಳೂರಿನ ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅಲ್ಲಿನ ಗಾಳಿ 5,500 ಅಡಿ ಎತ್ತರದಲ್ಲಿರುವಷ್ಟು ತೆಳುವಾಗುತ್ತದೆ. ಎಂಜಿನ್‌ನ ಶಕ್ತಿ ಕುಗ್ಗುತ್ತದೆ, ರನ್‌ವೇ ಹೆಚ್ಚು ಬೇಕಾಗುತ್ತದೆ, ಮೇಲೇರುವಿಕೆ ನಿಧಾನವಾಗುತ್ತದೆ. ಸಣ್ಣ ಎಂಜಿನ್‌ನ ವಿಮಾನಕ್ಕೆ ಮಧ್ಯಾಹ್ನದ ಹಾರಾಟ ಕಠಿಣವಾಗುವುದು ಇದರಿಂದಲೇ.

ಸೇರುವ ಮುನ್ನ

ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಒಂದು ವಿಮಾನಕ್ಕೆ ವಿದ್ಯಾರ್ಥಿಗಳೆಷ್ಟು, ದುರಸ್ತಿ ಸ್ಥಳದಲ್ಲೇ ಆಗುತ್ತದೆಯೇ ಎಂದು ಕೇಳಿ ತಿಳಿಯಬೇಕು. ನಡುವೆ ಮಾದರಿ ಬದಲಾದರೆ ಹೊಸದಕ್ಕೆ ಹೊಂದಿಕೊಳ್ಳಲು ಹೆಚ್ಚುವರಿ ಗಂಟೆಗಳು ಬೇಕಾಗುತ್ತವೆ. ಹ್ಯಾಂಗರ್‌ನಲ್ಲೇ ನಿಂತಿರುವ ಹೊಸ ವಿಮಾನಕ್ಕಿಂತ, ದಿನವೂ ಹಾರುವ, ಸರಿಯಾಗಿ ನಿರ್ವಹಿಸಿದ ಹಳೆಯ ವಿಮಾನವೇ ವಿದ್ಯಾರ್ಥಿಗೆ ಮೇಲು.