ಪೆರೂನನ ಗುಡುಗು, ಇಲ್ಯಾನ ರಥ

ವಿಗ್ರಹವನ್ನು ನದಿಗೆ ಎಸೆದರೆ ದೇವರ ನೆನಪೂ ಕೊಚ್ಚಿಹೋಗುವುದೇ? ಪೂರ್ವ ಸ್ಲಾವ್ ಜನರ ಇತಿಹಾಸ ಇದಕ್ಕೆ ಉತ್ತರ ಹೇಳುತ್ತದೆ.

ಕ್ರಿ.ಶ. 980ರಲ್ಲಿ ಕೀವ್‌ನ ದೊರೆ ವ್ಲಾದಿಮಿರ್ ಅರಮನೆಯ ಹೊರಗಿನ ಗುಡ್ಡದಲ್ಲಿ ಗುಡುಗಿನ ದೇವರಾದ ಪೆರೂನನ ಮರದ ವಿಗ್ರಹ ನಿಲ್ಲಿಸಿದ. ತಲೆ ಬೆಳ್ಳಿಯದು, ಮೀಸೆ ಚಿನ್ನದ್ದು. 988ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ ಅದೇ ದೊರೆ ವಿಗ್ರಹವನ್ನು ಕುದುರೆಯ ಬಾಲಕ್ಕೆ ಕಟ್ಟಿ ಎಳೆಸಿ, ಹನ್ನೆರಡು ಮಂದಿಯಿಂದ ಹೊಡೆಸಿ, ದ್ನೀಪರ್ ನದಿಗೆ ತಳ್ಳಿಸಿದ. ಜನ ಅತ್ತರಂತೆ.

ಆದರೆ ಆಕಾಶದಲ್ಲಿ ಗುಡುಗು ನಿಲ್ಲಲಿಲ್ಲ. ರೈತನಿಗೆ ಮಳೆ ಬೇಕೇ ಇತ್ತು. ಬೈಬಲ್ಲಿನಲ್ಲಿ ಬರಗಾಲ ಮುಗಿಸಿ ಮಳೆ ತರಿಸಿದ, ಬೆಂಕಿಯ ರಥದೊಡನೆ ಸ್ವರ್ಗಕ್ಕೇರಿದ ಪ್ರವಾದಿ ಎಲೀಯ ಆ ಜಾಗಕ್ಕೆ ಬಂದ. ರಷ್ಯನ್ನರಿಗೆ ಆತ ಇಲ್ಯಾ. ಗುಡುಗೆಂದರೆ ಇಲ್ಯಾನ ರಥದ ಸದ್ದು ಎಂದರು ಹಳ್ಳಿಗರು. ಆಗಸ್ಟ್ 2ರ ಅವನ ಹಬ್ಬದಂದು ಹೊಲಕ್ಕಿಳಿದರೆ ಸಿಡಿಲು ಬಡಿದೀತೆಂದು ಹೆದರಿದರು. ಹಾಗೆಯೇ ದನಕರುಗಳ ದೇವರು ವೋಲೋಸ್‌ನ ಹೊಣೆ ಸಂತ ವ್ಲಾಸಿಯ ಪಾಲಿಗೆ ಬಂತು.

ವಿಜ್ಞಾನ ಓದಿದ ನಾನು ಒಂದು ಎಚ್ಚರಿಕೆ ಹೇಳಲೇಬೇಕು. ಪುರಾತನ ಸ್ಲಾವರು ತಮ್ಮ ಪುರಾಣಗಳನ್ನು ಬರೆದಿಡಲಿಲ್ಲ. ವಿಗ್ರಹದ ಕಥೆಯನ್ನು ಬರೆದಿಟ್ಟವರು 12ನೆಯ ಶತಮಾನದ ಕ್ರೈಸ್ತ ಸನ್ಯಾಸಿಗಳು; ಹಳ್ಳಿಯ ನಂಬಿಕೆಗಳು ಹೆಚ್ಚಾಗಿ ಸಂಗ್ರಹವಾದದ್ದು 19ನೆಯ ಶತಮಾನದಲ್ಲಿ. ನಡುವಿನ ಏಳು ನೂರು ವರ್ಷಗಳ ಕಂದಕವನ್ನು ಕಲ್ಪನೆಯಿಂದ ತುಂಬಬಾರದು.

ಆದರೂ ಒಂದು ಸುಳಿವಿದೆ. 945ರಲ್ಲಿ ಬೈಜಾಂಟಿಯಮ್ಮಿನೊಡನೆ ಒಪ್ಪಂದವಾದಾಗ ಕೀವ್‌ನ ದೊರೆ ಈಗೊರ್ ಪೆರೂನನ ಗುಡ್ಡದಲ್ಲಿ ಆಣೆಯಿಟ್ಟ. ಅವನ ಕ್ರೈಸ್ತ ಸೈನಿಕರು ಅದೇ ಊರಿನ ಸಂತ ಇಲ್ಯಾನ ಗುಡಿಯಲ್ಲಿ ಆಣೆಯಿಟ್ಟರು. ವಿಗ್ರಹ ಉರುಳುವ ಮೊದಲೇ ಉತ್ತರಾಧಿಕಾರಿ ನೆರೆಮನೆಯಲ್ಲಿದ್ದ!